ಬೆಳಗಾವಿಗೆ ಮೂವತ್ತಾರು ನಿಮಿಷ

ಕೆಲವರಿಗೆ ಊಟವಾದ ಮೇಲೆ ಎಲೆ-ಅಡಿಕೆ ಇಲ್ಲದಿದ್ದರೆ ಬಾಯಿ ಚಡಪಡಿಸುತ್ತದೆ. ಕೆಲವರಿಗೆ ಪಕ್ಕದ ಮನೆಯ ಸುದ್ದಿ ಇಲ್ಲದಿದ್ದರೆ ಅನ್ನ ಇಳಿಯುವುದಿಲ್ಲ. ನನ್ನದು ಬೇರೆಯೇ ಚಟ. ಯಾವುದೇ ಎರಡು ಊರುಗಳ ಹೆಸರು ಒಟ್ಟಿಗೆ ಕಿವಿಗೆ ಬಿದ್ದರೆ ಸಾಕು, ಅವುಗಳ ನಡುವೆ ಎಷ್ಟು ಕಿಲೋಮೀಟರು, ಎಷ್ಟು ತಾಸಿನ ಹಾದಿ ಎಂದು ಹೇಳಿಬಿಡದಿದ್ದರೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗುತ್ತದೆ. ನವಲಗುಂದದ ಬಸ್ ನಿಲ್ದಾಣದ ಜಾಲರಿ ಕಿಟಕಿಯ ಹಿಂದೆ ಕಂಟ್ರೋಲರ್ ಆಗಿ ಕೂತು ಮುದುಕನಾದವನು ನಾನು. ನಿವೃತ್ತಿಯ ದಿನ ಸರಕಾರ ಸೀಟಿ, ಕುರ್ಚಿ, ದೊಡ್ಡ ರಿಜಿಸ್ಟರು ಎಲ್ಲವನ್ನೂ ವಾಪಸ್ ತೆಗೆದುಕೊಂಡಿತು. ತಲೆಯೊಳಗಿನ ಕಿಲೋಮೀಟರುಗಳನ್ನು ಮಾತ್ರ ನನ್ನ ಬಳಿಯೇ ಬಿಟ್ಟಿತು. ಒಮ್ಮೆ ಸಾವಿನ ಮನೆಗೆ ಮಾತಾಡಿಸಲು ಹೋಗಿದ್ದಾಗ, ಸತ್ತವರ ಅಳಿಯ ಕಣ್ಣೊರೆಸಿಕೊಳ್ಳುತ್ತ, "ಗದಗಿನಿಂದ ಎಷ್ಟ ಲಗೂ ಬಂದ್ರೂ ಮುಖಾ ನೋಡಾಕ ಸಿಗಲಿಲ್ರಿ" ಎಂದ. ಸುಮ್ಮನೆ ತಲೆಯಾಡಿಸಬೇಕಿತ್ತು. "ಅಣ್ಣಿಗೇರಿ ಮ್ಯಾಲೆ ಬಂದಿದ್ರ ಹತ್ತು ನಿಮಿಷ ಉಳೀತಿತ್ತು ನೋಡ್ರಿ" ಎಂದುಬಿಟ್ಟೆ. ಅಂದಿನಿಂದ ನನ್ನ ಹೆಂಡತಿ ಗಿರಿಜಾ ಸಾವಿನ ಮನೆಗಳಿಗೆ ಒಬ್ಬಳೇ ಹೋಗುತ್ತಾಳೆ.

ಇಂಥವನ ಕೈಗೆ ಮಗ ಒಂದು ಫೋನು ಕೊಟ್ಟ. ಕೊಟ್ಟವನಿಗೆ ತಪ್ಪು ಹೊರಿಸುವುದಿಲ್ಲ. ತಂದೆ ನಾಲ್ಕು ವಚನ ಕೇಳಿಕೊಂಡು ಸುಮ್ಮನಿರುತ್ತಾನೆ ಎಂದು ಪಾಪ ಅವನು ಎಣಿಸಿದ್ದ. ನಾನು ಆ ಫೋನಿನಲ್ಲಿ ಒಂದು ಪುಟ ಹುಡುಕಿಕೊಂಡೆ. ಜಗತ್ತಿನ ಯಾವುದಾದರೂ ಎರಡು ವಿಮಾನ ನಿಲ್ದಾಣಗಳ ಹೆಸರು ಒತ್ತಿದರೆ ಸಾಕು, ನಡುವಿನ ದೂರ ಇಷ್ಟು, ಹಾರಾಟದ ಸಮಯ ಇಷ್ಟು ಎಂದು ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತದೆ. ನನ್ನ ಸಂತೋಷವನ್ನು ಹೇಗೆ ವರ್ಣಿಸಲಿ? ಜೀವಮಾನವೆಲ್ಲ ಹುಬ್ಬಳ್ಳಿ, ರೋಣ, ನರಗುಂದ, ಸವದತ್ತಿ ಎಂದು ಕೂಗಿದವನು ಈಗ ದಿನಾ ಸಂಜೆ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು ಹುಬ್ಬಳ್ಳಿಯಿಂದ ಲಂಡನ್ನಿಗೆ, ಹುಬ್ಬಳ್ಳಿಯಿಂದ ಕಾಶಿಗೆ, ಹುಬ್ಬಳ್ಳಿಯಿಂದ ಟೋಕಿಯೋಗೆ ವಿಮಾನ ಬಿಡತೊಡಗಿದೆ. ಬಾಜೂ ಕೂತು ಮಿರ್ಚಿ ತಿನ್ನುತ್ತಿದ್ದ ಇಮಾಮಣ್ಣ ನಮ್ಮ ಡಿಪೋದಲ್ಲೇ ಡ್ರೈವರ್ ಆಗಿದ್ದವನು. ಅವನಿಗೆ ಟೋಕಿಯೋದ ಗೊಡವೆ ಇರಲಿಲ್ಲ. "ಅವೆಲ್ಲ ಬಿಡ್ರಿ ಕಂಟ್ರೋಲರ್ ಸಾಹೇಬ್ರ, ನಮ್ಮ ಬೆಳಗಾವಿಗೆ ಎಷ್ಟ ಹೊತ್ತು ನೋಡ್ರಿ" ಎಂದ. ಒತ್ತಿದೆ. ಹುಬ್ಬಳ್ಳಿಯಿಂದ ಬೆಳಗಾವಿಗೆ ಹಾರಾಟದ ಸಮಯ ಮೂವತ್ತಾರು ನಿಮಿಷ ಎಂದಿತು. ಇಮಾಮಣ್ಣ ಕಚ್ಚಿದ ಮೆಣಸಿನಕಾಯಿಯನ್ನು ಬಾಯಲ್ಲೇ ಇಟ್ಟುಕೊಂಡು, "ಯಾ ಅಲ್ಲಾ! ನಂಗ ಧಾರವಾಡ ದಾಟಾಕನ ಅಷ್ಟ ಬೇಕಾಗ್ತಿತ್ತು" ಎಂದ. ಆ ಮೂವತ್ತಾರು ನಿಮಿಷ ಅಂದೇ ನನ್ನ ತಲೆಯಲ್ಲಿ ಮನೆ ಮಾಡಿತು.

ಆ ದಿನಗಳಲ್ಲಿ ನಮಗೆ ಬೆಳಗಾವಿಯದೇ ಧ್ಯಾನ. ಮಗ ಮಂಜುನಾಥ ಅಲ್ಲಿನ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ನೌಕರಿಯಲ್ಲಿದ್ದಾನೆ. ಸೊಸೆ ಸವಿತಾಳ ತವರೂ ಅದೇ ಊರು. ಅವರಿಗೆ ಗಂಡುಮಗು ಹುಟ್ಟಿತ್ತು. ಬೀಗರ ಮನೆಯಲ್ಲೇ ತೊಟ್ಟಿಲ ಕಾರ್ಯ ಎಂದು ಗೊತ್ತಾಯಿತು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ನಮಗೆ ಹೆಣ್ಣುಮಕ್ಕಳಿಲ್ಲ. ಆದ್ದರಿಂದ ಆ ಮಾನ ನನ್ನ ಅಕ್ಕ ನೀಲಕ್ಕನಿಗೆ ಬಂತು. ನೀಲಕ್ಕನಿಗೆ ಎಪ್ಪತ್ತು ದಾಟಿದೆ. ತಿರ್ಲಾಪುರದಲ್ಲಿ ಹತ್ತಿ, ಕಡಲೆ ಬೆಳೆಯುವ ತನ್ನ ಕಪ್ಪು ಮಣ್ಣಿನ ಎರಿ ಹೊಲವನ್ನು ಈಗಲೂ ತಾನೇ ನಿಂತು ಮಾಡಿಸುತ್ತಾಳೆ. ಹೆಸರು ಯಾವುದೆಂದು ಅವಳು ಆಗಲೇ ಗೊತ್ತುಮಾಡಿದ್ದಳು. ಆದರೆ ಯಾರಿಗೂ ಹೇಳಲೊಲ್ಲಳು. "ಹೆಸರ ಮೊದಲ ಕೂಸಿನ ಕಿವಿಗೆ ಬೀಳಬೇಕು. ಊರ ಮಂದಿ ಕಿವ್ಯಾಗ ಬಿದ್ದ ಹಳೇದಾದ ಹೆಸರು ಯಾತಕ್ಕ?" ಎಂಬುದು ಅವಳ ವಾದ. ತೊಂದರೆ ಇದ್ದದ್ದು ಅವಳ ಬೆನ್ನಿನದು. ಹಿಂದಿನ ತಿಂಗಳು ಹತ್ತಿ ತುಂಬಿದ ಅಂಡಿಗೆ ಚೀಲ ಎತ್ತಲು ಹೋಗಿ ಬೆನ್ನು ಹಿಡಿದಿತ್ತು. ಹುಬ್ಬಳ್ಳಿಯ ಡಾಕ್ಟರು, "ಅಜ್ಜಿ, ಎತ್ತು-ಕುಲುಕು ಆಗೂ ಹಾದಿಗೆ ಹೋಗಬ್ಯಾಡ್ರಿ" ಎಂದು ಹೇಳಿ ಕಳಿಸಿದ್ದರು. ಧಾರವಾಡದಿಂದ ಆಚೆ ರಸ್ತೆಯನ್ನು ಅಗಲ ಮಾಡುತ್ತೇವೆಂದು ಅಗೆದು ಹಾಕಿದ್ದರು. ಬೆಳಗಾವಿಗೆ ಹೋಗುವುದು ಹೇಗೆ?

ಇದನ್ನು ನಿರ್ಧರಿಸಲು ತಿರ್ಲಾಪುರದಲ್ಲಿ ಅಕ್ಕನ ಮನೆಯ ಪಡಸಾಲೆಯಲ್ಲಿ ಕೂತೆವು. ಗಿರಿಜಾ ಬಾಯಿ ತೆರೆದವಳೇ ಸರಿಯಾದ ಮಾತನ್ನೇ ಹೇಳಿದಳು: "ರೈಲಿಗೆ ಹೋಗೂಣ್ರಿ ಅಕ್ಕಾರ. ಮಲಕೊಂಡು ಹೋಗಬಹುದು. ಮೂರು ತಾಸಿಗೆ ಬೆಳಗಾವಿ." ಇಷ್ಟು ಸರಳವಾದ ಪರಿಹಾರ ಹೆಂಡತಿಯ ಬಾಯಿಂದ ಬಂದಾಗ ಮೂವತ್ತು ವರ್ಷ ಸಂಚಾರ ನಿಯಂತ್ರಿಸಿದ ಗಂಡನಿಗೆ ಏನಾಗುತ್ತದೆ ಎಂಬುದು ಗಂಡಸರಾದವರಿಗೆ ಗೊತ್ತಿರುತ್ತದೆ. ನಾನು ಫೋನನ್ನು ಕಿಸೆಯಿಂದ ತೆಗೆದು, ಹಿಂದೆ ಕಿಟಕಿಯೊಳಗಿಂದ ಮಾತಾಡುತ್ತಿದ್ದ ದನಿಯಲ್ಲೇ, "ವಿಮಾನದಾಗ ಕರಕೊಂಡ ಹೋಗ್ತೀನಿ. ಮೂವತ್ತಾರ ನಿಮಿಷ" ಎಂದೆ.

ನೀಲಕ್ಕ ಹುಬ್ಬು ಏರಿಸಿದಳು. "ಏನಂದಿ ತಮ್ಮಾ?"

"ಮೂವತ್ತಾರ ನಿಮಿಷಕ್ಕ ಬೆಳಗಾವಿ, ಅಕ್ಕಾ. ಇಲ್ನೋಡು, ಇದರಾಗ ಬರದಾರ."

"ನಾ ಒಂದ ಬುಟ್ಟಿ ರೊಟ್ಟಿ ಬಡದ ಏಳೂದ್ರಾಗ ಬೆಳಗಾವಿ ಬರ್ತೈತೇನಲೇ?"

"ಬುಟ್ಟಿ ತುಂಬೂದ್ರಾಗನ ಬರ್ತೈತಿ."

ಅಕ್ಕ ಗಿರಿಜೆಯ ಕಡೆ ತಿರುಗಿ, "ನೋಡವಾ, ನಮ್ಮ ತಮ್ಮನ ತಲಿ ಅಂದ್ರ ತಲಿ" ಎಂದಳು. ಗಿರಿಜಾ ನನ್ನ ತಲೆಯನ್ನು ಒಮ್ಮೆ ನೋಡಿ, "ಹೌದ್ರಿ" ಎಂದಳು. ಆ "ಹೌದ್ರಿ"ಯೊಳಗೆ ಏನೇನಿತ್ತು ಎಂದು ಬಿಡಿಸಿ ನೋಡುವಷ್ಟು ತಾಳ್ಮೆ ಅಂದು ನನಗಿರಲಿಲ್ಲ. ಮರುದಿನ ಹೊತ್ತು ಏರುವುದರೊಳಗೆ ತಿರ್ಲಾಪುರದ ಅಷ್ಟೂ ಓಣಿಗಳಿಗೆ ನೀಲಕ್ಕ ವಿಮಾನ ಹತ್ತುವ ಸುದ್ದಿ ಮುಟ್ಟಿತ್ತು. ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಸಾಲಿನಿಂದ ಸಾಲಿಗೆ "ಮೂವತ್ತಾರಂತ, ಮೂವತ್ತಾರಂತ" ಎಂದು ದಾಟಿಸಿದರಂತೆ.

ಟಿಕೆಟ್ ತೆಗೆಸಲು ಹುಬ್ಬಳ್ಳಿಗೆ ಹೋದೆ. ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿ ಎರಡು ನಿಮಿಷ ಟಕಟಕ ಒತ್ತಿ, "ಕಾಕಾ, ಹುಬ್ಬಳ್ಳಿಯಿಂದ ಬೆಳಗಾವಿಗೆ ವಿಮಾನ ಇಲ್ರಿ" ಎಂದಳು. ಹೊಸಬಳು, ಇನ್ನೂ ಕಲಿಯಬೇಕು ಎಂದುಕೊಂಡು ನನ್ನ ಫೋನು ಮುಂದೆ ಹಿಡಿದೆ. ಅವಳು ಅದನ್ನು ನೋಡಿ, ನಗು ಬಂದರೂ ತಡೆದುಕೊಂಡು, "ಇದು ದೂರದ ಲೆಕ್ಕಾ ಕಾಕಾ. ಹಾರಿದ್ರ ಇಷ್ಟ ಹೊತ್ತು ಆಗ್ತೈತಿ ಅಂತ. ಹಾರ್ತೈತಿ ಅಂತ ಎಲ್ಲಿ ಬರದಾರ್ರಿ?" ಎಂದಳು. ನಾನು ಮತ್ತೆ ಓದಿದೆ. ನಿಜ, ಎಲ್ಲಿಯೂ ಬರೆದಿರಲಿಲ್ಲ. "ಹೋಗಲೇಬೇಕಂದ್ರ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಿ, ಅಲ್ಲಿ ಇನ್ನೊಂದು ವಿಮಾನ ಹತ್ತಿ ಬೆಳಗಾವಿಗೆ ಬರಬೇಕ್ರಿ" ಎಂದು ಹೇಳಿ, ಇನ್ನು ಈ ಮುದುಕ ಎದ್ದು ಹೋಗುತ್ತಾನೆ ಎಂಬಂತೆ ಅವಳು ನೀರಿನ ಬಾಟಲಿಯ ಮುಚ್ಚಳ ತಿರುವಿದಳು.

ಎದ್ದು ಹೋಗಬೇಕಿತ್ತು. ಎದುರಿಗೇ ರೈಲ್ವೆ ಸ್ಟೇಷನ್ನಿಗೆ ಹೋಗುವ ಆಟೋ ನಿಂತಿತ್ತು. ಆದರೆ ನನ್ನ ಕಣ್ಣ ಮುಂದೆ ತಿರ್ಲಾಪುರದ ಹತ್ತಿ ಹೊಲದ ಹೆಣ್ಣುಮಕ್ಕಳು ಬಂದರು, ಇಮಾಮಣ್ಣ ಬಂದ, ಎಲ್ಲರ ಹಿಂದೆ ತುಟಿ ಬಿಗಿಹಿಡಿದ ಗಿರಿಜಾ ಬಂದಳು. ಬೆಂಗಳೂರಿನ ಮೇಲಾದರೇನು, ಸಂಜೆ ಐದಕ್ಕೆ ತೊಟ್ಟಿಲ ಕಾರ್ಯ, ಮಧ್ಯಾಹ್ನ ಎರಡಕ್ಕೆಲ್ಲ ಬೆಳಗಾವಿ ಸೇರಿಬಿಡುತ್ತೇವೆ, ನಡುವಿನ ಸಂಗತಿ ಯಾರಿಗೆ ಗೊತ್ತಾಗಬೇಕು? "ತೆಗೀರಿ" ಎಂದೆ. ಹುಡುಗಿ ಮುಚ್ಚಳವನ್ನು ಕೈಯಲ್ಲೇ ಹಿಡಿದು ಒಂದು ಕ್ಷಣ ನನ್ನ ಮುಖ ನೋಡಿದಳು. ಮನೆಗೆ ಬಂದು ಗಿರಿಜೆಗೆ, "ಟಿಕೆಟ್ ಆತು. ಮುಂಜಾನೆ ಎಂಟೂವರಿಗೆ" ಎಂದಷ್ಟೇ ಹೇಳಿದೆ. ಅವಳು ಕುಂಚಿಗಿ, ಕೌದಿ, ಬೆಳ್ಳಿ ಬಟ್ಟಲು ಎಲ್ಲ ಸಾಮಾನು ತಾನು ರೈಲಿನಲ್ಲಿ ತರುವುದಾಗಿ ಹೇಳಿದಳು. ವಿಮಾನ ಅವಳಿಗೆ ಬೇಡವಂತೆ.

ಹೊರಡುವ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಅಕ್ಕನ ಮನೆಯ ಮುಂದೆ ಅರ್ಧ ಊರೇ ನೆರೆದಿತ್ತು. ಒಬ್ಬರು ಅವಳ ಕಾಲಿಗೆ ಬಿದ್ದರು. ಕಾಶಿಗೆ ಹೊರಟವರಿಗೆ ಬೀಳುವ ಹಾಗೆ. ತಿರ್ಲಾಪುರದಿಂದ ಹುಬ್ಬಳ್ಳಿಯ ವಿಮಾನ ನಿಲ್ದಾಣಕ್ಕೆ ಬಾಡಿಗೆ ಕಾರು. ಎರಿ ನೆಲದ ರಸ್ತೆಗಳು ನಿಮಗೆ ಗೊತ್ತಿದ್ದರೆ ನಾನು ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಬಿರಿಯುತ್ತವೆ, ಮಳೆಗಾಲದಲ್ಲಿ ಉಬ್ಬುತ್ತವೆ, ಸಮನಾಗಿರುವುದು ಗುತ್ತಿಗೆದಾರರ ಕಾಗದದಲ್ಲಿ ಮಾತ್ರ. ಬೆಳಗಾವಿಯ ರಸ್ತೆಯಲ್ಲಿ ಕುಲುಕಬಾರದೆಂದು ಜೋಪಾನ ಮಾಡಿದ ಬೆನ್ನು ಹುಬ್ಬಳ್ಳಿ ಮುಟ್ಟುವುದರೊಳಗೇ ತನ್ನ ಪಾಲಿನ ಅಷ್ಟೂ ಕುಲುಕನ್ನು ಪಡೆಯಿತು. ಪ್ರತಿ ತಗ್ಗಿಗೂ ಅಕ್ಕ "ಶಿವಾ" ಎನ್ನುತ್ತಿದ್ದಳು. ಅಷ್ಟು ನಾಮಸ್ಮರಣೆಯನ್ನು ಅವಳು ಶಿವರಾತ್ರಿಗೂ ಮಾಡಿದ್ದನ್ನು ನಾನು ಕಂಡಿಲ್ಲ.

ತಪಾಸಣೆಯ ಜಾಗದಲ್ಲಿ ಅಕ್ಕನ ಚೀಲ ಯಂತ್ರದೊಳಗೆ ಹೋಗಿ ಅಲ್ಲೇ ನಿಂತಿತು. ಪೊಲೀಸ್ ಸಮವಸ್ತ್ರದ ಹೆಣ್ಣುಮಗಳು ಪರದೆಯ ಮೇಲೆ ಸಾಲಾಗಿ ಕಾಣುತ್ತಿದ್ದ ದುಂಡನೆಯ ಗಟ್ಟಿ ಪದಾರ್ಥಗಳನ್ನು ನೋಡಿ ಇನ್ನೊಬ್ಬಳನ್ನು ಕರೆದಳು. ಅವಳು ಒಬ್ಬ ಅಧಿಕಾರಿಯನ್ನು ಕರೆದಳು. "ಇವೇನಮ್ಮಾ?" ಎಂದು ಅವರು ಕೇಳಿದರು. "ಅಂಟಿನುಂಡಿ. ಬಾಣಂತಿಗೆ" ಎಂದಳು ಅಕ್ಕ. ಅಧಿಕಾರಿ ಬೇರೆ ಸೀಮೆಯವರು, ಅರ್ಥವಾಗಲಿಲ್ಲ. ಅಕ್ಕ ಡಬ್ಬಿಯ ಮುಚ್ಚಳ ತೆಗೆದು, ತುಪ್ಪ, ಒಣಕೊಬ್ಬರಿ, ಉತ್ತತ್ತಿಯ ವಾಸನೆ ಇಡೀ ಸಭಾಂಗಣಕ್ಕೆ ಹರಡುವಂತೆ ಒಂದು ಉಂಡಿ ತೆಗೆದು ಮೊದಲ ಹೆಣ್ಣುಮಗಳ ಅಂಗೈಗೆ ಇಟ್ಟಳು. "ತಿನ್ನವಾ. ಹಗಲೆಲ್ಲ ನಿಂತ ನಿಂತ ಸೊಂಟ ನೊಂದಿರ್ತೈತಿ." ಆಕೆ ಕೆಲಸದ ಮೇಲೆ ತಿನ್ನುವ ಹಾಗಿಲ್ಲವೆಂದು ಹೇಳಿದಳು, ಆದರೆ ಉಂಡಿಯನ್ನು ವಾಪಸ್ ಕೊಟ್ಟದ್ದನ್ನು ನಾನು ನೋಡಲಿಲ್ಲ.

ವಿಮಾನ ಎದ್ದಾಗ ಅಕ್ಕ ನನ್ನ ಕೈ ಹಿಡಿದುಕೊಂಡಳು. ಸಣ್ಣವನಿದ್ದಾಗ ಹಳ್ಳ ದಾಟಿಸುತ್ತ ಅವಳು ಹೀಗೇ ಹಿಡಿಯುತ್ತಿದ್ದಳು. ಆಗ ಹೆದರುತ್ತಿದ್ದವನು ನಾನು. ಸ್ವಲ್ಪ ಹೊತ್ತಿಗೆ ಧೈರ್ಯ ಬಂದು ಕಿಟಕಿಗೆ ಮುಖ ಹಚ್ಚಿದಳು. ಹೊಲಗಳು ಕೌದಿಯ ತುಂಡುಗಳಾದವು. ಆಮೇಲೆ ತಿರುಗಿ ನನ್ನನ್ನು ನೋಡಿದಳು.

"ತಮ್ಮಾ, ಬೆಳಗಾವಿ ಯಾ ದಿಕ್ಕಿಗೆ ಐತಿ?"

ನಾನು ಬೆಲ್ಟು ಬಿಗಿಮಾಡಿಕೊಂಡೆ. "ಯಾಕ?"

"ಮುಳಗೂ ದಿಕ್ಕಿಗೆ ಐತಿ ಅಲ್ಲೇನು? ಮುಂಜಾನಿ ಹೊತ್ತು. ಸೂರ್ಯಾ ನಮ್ಮ ಬೆನ್ನ ಹಿಂದ ಇರಬೇಕಿಲ್ಲೋ? ಮಾರಿ ಮುಂದ ಐತೆಲ್ಲ."

ಐವತ್ತು ವರ್ಷ ಸೂರ್ಯನನ್ನು ನೋಡಿ ಹೊಲದಲ್ಲಿ ಕುಂಟಿ ಹೊಡೆಸಿದವಳನ್ನು ಕಿಟಕಿಯ ಪಕ್ಕ ಕೂಡಿಸಬಾರದಿತ್ತು. "ವಿಮಾನ ಅಂದ್ರ ಹಂಗ ಅಕ್ಕಾ, ಒಂದ ಸುತ್ತ ಹಾಕಿ ತಿರಗತೈತಿ" ಎಂದೆ. ಅವಳು ಮತ್ತೆ ಕಿಟಕಿಗೆ ತಿರುಗಿದಳು. ಮೂವತ್ತಾರು ನಿಮಿಷ ಆಯಿತು. "ಆತಲ್ಲೋ?" ಎಂದಳು. "ಎದುರ ಗಾಳಿ" ಎಂದೆ. ನಲವತ್ತೈದಾಯಿತು. "ಇನ್ನೂ ತಿರಗವಲ್ದು" ಎಂದಳು. ನಾನು ಕಣ್ಣು ಮುಚ್ಚಿ ನಿದ್ದೆ ಬಂದವನ ಹಾಗೆ ಒರಗಿದೆ. ಅಷ್ಟರಲ್ಲಿ ಮೇಲಿನಿಂದ ಒಂದು ಮಧುರವಾದ ಹೆಣ್ಣುದನಿ, ಇನ್ನು ಕೆಲವೇ ನಿಮಿಷಗಳಲ್ಲಿ ಬೆಂಗಳೂರಿನಲ್ಲಿ ಇಳಿಯಲಿದ್ದೇವೆ ಎಂದು ಮೊದಲು ಇಂಗ್ಲಿಷಿನಲ್ಲೂ, ನನಗೆ ಯಾವ ದಾರಿಯೂ ಉಳಿಯದಂತೆ ಆಮೇಲೆ ಅಚ್ಚ ಕನ್ನಡದಲ್ಲೂ ಹೇಳಿತು.

ಅಕ್ಕ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬೆಂಗಳೂರು ಬೆಳಗಾವಿ ಹಾದ್ಯಾಗ ಬರ್ತೈತೇನಪಾ?" ಎಂದು ಬಹಳ ಮೆತ್ತಗೆ ಕೇಳಿದಳು. ನಾನು ಎಲ್ಲವನ್ನೂ ಹೇಳಿದೆ: ಅಂಗಡಿಯ ಹುಡುಗಿ, ದೂರದ ಲೆಕ್ಕ, ಹತ್ತಿ ಹೊಲದ ಹೆಣ್ಣುಮಕ್ಕಳ ಮುಂದೆ ಮಾನ ಹೋಗುವ ಹೆದರಿಕೆ. ಅವಳು ಕೇಳಿಸಿಕೊಂಡು ಸೆರಗು ಸರಿಮಾಡಿಕೊಂಡಳು. "ಗಿರಿಜಾಗ ಗೊತ್ತೈತೇನು?" ಎಂದಳು. ಇಲ್ಲ ಎಂದೆ. "ಗೊತ್ತಿರ್ತೈತಿ ಬಿಡು" ಎಂದಳು.

ಬೆನ್ನುನೋವಿನವರಿಗೆಂದು ಬೆಂಗಳೂರಿನಲ್ಲಿ ಗಾಲಿ ಕುರ್ಚಿ ಕೊಟ್ಟರು. ಅದನ್ನು ನೂಕಲು ಬಂದ ತರುಣಿ ಮಂಡ್ಯದ ಕಡೆಯವಳು, ಬಲು ಮಾತಿನವಳು. "ಅಜ್ಜಿ, ಎಲ್ಲಿಂದ ಬಂದ್ರಿ?" ಎಂದಳು. "ಹುಬ್ಬಳ್ಳಿಯಿಂದ." "ಎಲ್ಲಿಗೆ ಹೋಗ್ಬೇಕು?" "ಬೆಳಗಾವಿಗೆ." ಕುರ್ಚಿ ಒಂದು ಕ್ಷಣ ನಿಂತಿತು. "ಅಲ್ಲಿಂದಲ್ಲಿಗೆ ಬಸ್ ಇಲ್ವಾ ಅಜ್ಜಿ?" ಅಕ್ಕ ಹಿಂದೆ ತಿರುಗದೆ, ಹೆಬ್ಬೆರಳಿನಿಂದ ನನ್ನತ್ತ ತೋರಿಸಿ, "ಐತವಾ, ತಾಸಿಗೆ ಒಂದ ಐತಿ. ಇವನ್ನ ಕೇಳು. ಹುಟ್ಟಾ ಬಸ್ ಸ್ಟ್ಯಾಂಡಿನ್ಯಾಗ ನೌಕರಿ ಮಾಡ್ಯಾನ" ಎಂದಳು. ತರುಣಿ ನನ್ನನ್ನು ನೋಡಿ ಮುಖ ಆಚೆ ತಿರುಗಿಸಿಕೊಂಡಳು. ಅವಳ ಹೆಗಲು ಅಲುಗುತ್ತಿದ್ದದ್ದು ಕುರ್ಚಿ ನೂಕುವ ಶ್ರಮಕ್ಕಲ್ಲ.

ಬೆಳಗಾವಿಯ ವಿಮಾನ ಒಂದಕ್ಕೆ ಹತ್ತು ನಿಮಿಷವಿರುವಾಗ ಹೊರಡಬೇಕಿತ್ತು. ಹನ್ನೆರಡಕ್ಕೆ ಫಲಕದಲ್ಲಿ "ವಿಳಂಬ" ಎಂದು ಬಂತು. ಎರಡು ಗಂಟೆ ಎಂದರು. ಎರಡಾದ ಮೇಲೆ ಮೂರೂವರೆ ಎಂದರು. ನಾನು ಎದ್ದು ಕೌಂಟರಿನ ಹುಡುಗಿಯ ಬಳಿ ಹೋಗಿ, "ತಂಗೀ, ಖರೇ ಎಷ್ಟಕ್ಕ ಬರ್ತೈತಿ?" ಎಂದು ಕೇಳಿದೆ. "ಬರುತ್ತೆ ಸರ್, ಕೂತಿರಿ" ಎಂದಳು. ಆ ದನಿ, ತಲೆ ಎತ್ತದೆ ಹೇಳುವ ಆ ರೀತಿ, ಕಾಗದದ ಮೇಲೆ ಏನೋ ಗೀಚುವ ಆ ನಟನೆ! ನನ್ನ ಕಸುಬಿನವಳೇ ಎಂದು ಗೊತ್ತಾಯಿತು. ವಿಮಾನ ಎಲ್ಲಿದೆಯೆಂದು ಅವಳಿಗೂ ಗೊತ್ತಿರಲಿಲ್ಲ. ಸುಮ್ಮನೆ ಬಂದು ಕೂತೆ.

ಫೋನು ರಿಂಗಾಯಿತು. ಗಿರಿಜಾ. "ಏನ್ರೀ, ಮೂವತ್ತಾರ ನಿಮಿಷ ಇನ್ನೂ ಮುಗದಿಲ್ಲೇನ್ರಿ? ನಾ ಹನ್ನೊಂದಕ್ಕ ಬಂದು, ಉಂಡು, ಒಂದ ನಿದ್ದಿ ತಗದ ಎದ್ದೆ." ಬೆಂಗಳೂರಿನಲ್ಲಿದ್ದೇವೆ ಎಂದೆ. ಅವಳು ಆಶ್ಚರ್ಯಪಡಲಿಲ್ಲ. "ಇಮಾಮಣ್ಣ ನಿನ್ನೇನ ಹೇಳಿದ್ದ, ಸೀದಾ ವಿಮಾನ ಇಲ್ಲ ಅಂತ. ಬಾಯಿ ಬಿಡ್ತೀರೇನೋ ಅಂತ ಕಾದೆ" ಎಂದಳು. ಆಮೇಲೆ ದನಿ ತಗ್ಗಿಸಿದಳು. ಬೀಗರ ಮನೆ ತುಂಬ ಜನ. ಹೊತ್ತು ಮುಳುಗುವುದರೊಳಗೆ ಕೂಸನ್ನು ತೊಟ್ಟಿಲಿಗೆ ಹಾಕಬೇಕೆಂದು ಅವರ ಹಿರಿಯರ ಅವಸರ. ಇನ್ನೊಂದು ಸಂಗತಿ, ಬೀಗರು 'ರಿಯಾಂಶ' ಎಂದೋ ಏನೋ ಒಂದು ಹೆಸರನ್ನು ಆಗಲೇ ಕೇಕಿನ ಮೇಲೆ ಬರೆಸಿ ತಂದಿದ್ದಾರೆ. ಸೋದರತ್ತೆ ಬರದಿದ್ದರೆ ತಮ್ಮ ಕಡೆಯವರೊಬ್ಬರಿಂದ ಅದನ್ನೇ ಹೇಳಿಸುತ್ತೇವೆ ಎನ್ನುತ್ತಿದ್ದಾರೆ. "ಅಕ್ಕಾರಿಗೆ ಹೆಸರು ಫೋನಿನ್ಯಾಗರೆ ಹೇಳಾಕ ಹೇಳ್ರಿ, ನಾನು ಕೂಸಿನ ಕಿವಿಗೆ ಹಿಡೀತೀನಿ."

ನಾನು ಗಿರಿಜಾ ಹೇಳಿದ್ದನ್ನೆಲ್ಲ ತಿಳಿಸಿ ಫೋನನ್ನು ಅಕ್ಕನಿಗೆ ಕೊಟ್ಟೆ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೆಳಗಿನಿಂದ ಮೊದಲ ಸಲ ಅವಳ ಮುಖ ಸಣ್ಣದಾದದ್ದನ್ನು ಕಂಡೆ. ಎಂಟು ದಿನದಿಂದ ಯಾರಿಗೂ ಹೇಳದೆ ಬಾಯಲ್ಲಿಟ್ಟುಕೊಂಡು ಬಂದ ಹೆಸರು. ನನ್ನ ಒಣ ಜಂಬಕ್ಕೆ ಅದು ಕೇಕಿನ ಮೇಲಿನ ಹೆಸರಿನ ಕೆಳಗೆ ಹೂತುಹೋಗುವ ಹೊತ್ತು ಬಂದಿತ್ತು. "ಗಿರಿಜಾ," ಎಂದಳು ಕೊನೆಗೆ, "ಫೋನಿನ್ಯಾಗ ಹೇಳೂದು ಸಾವಿನ ಸುದ್ದಿ. ಹೆಸರಲ್ಲ. ನಾ ಬರ್ತೀನಿ. ನೀ ಹೆಂಗರೆ ಮಾಡಿ ತಡೀ."

ಗಿರಿಜಾ ತಡೆದಳು. ಹೇಗೆಂದು ಆಮೇಲೆ ತಿಳಿಯಿತು. ಎರಡನೇ ಸಲ ಚಹಾ ಮಾಡಿಸಿದಳು. ಕೂಸಿನ ತಲೆಗೆ ಕಟ್ಟುವ ಕುಂಚಿಗಿ ಕಾಣುತ್ತಿಲ್ಲವೆಂದು ಅರ್ಧ ತಾಸು ಇಡೀ ಮನೆಯನ್ನು ಹುಡುಕಿಸಿದಳು. ಅದು ಅವಳ ಸೀರೆಯ ಒಳಗಿತ್ತು. ಕೊನೆಗೆ ಕೂಸೇ ಅವಳ ಕೈ ಹಿಡಿಯಿತು: ಹಾಲು ಕುಡಿದು ಗಾಢ ನಿದ್ದೆ ಹೋಯಿತು. ಮಲಗಿದ ಕೂಸನ್ನು ಎಬ್ಬಿಸಿ ಹೆಸರಿಟ್ಟರೆ ಆಯುಷ್ಯಕ್ಕೆ ಒಳ್ಳೆಯದಲ್ಲ ಎಂದು ಅವಳು ಅಲ್ಲಿಯೇ ಒಂದು ಶಾಸ್ತ್ರ ಹುಟ್ಟಿಸಿದಳು. ಬೀಗರ ಕಡೆಯ ಮುದುಕಿಯರು, ತಮಗೂ ಗೊತ್ತಿದ್ದದ್ದೇ ಎಂಬಂತೆ ತಲೆಯಾಡಿಸಿದರಂತೆ.

ವಿಮಾನ ನಾಲ್ಕೂಕಾಲಿಗೆ ಎದ್ದಿತು. ನಾವು ಬೀಗರ ಮನೆಯ ಮೆಟ್ಟಿಲು ಹತ್ತಿದಾಗ ಆರೂಕಾಲು. ಅಂಗಳದಲ್ಲಿ ಇನ್ನೂ ಬೆಳಕಿತ್ತು. ನಲವತ್ತು ಜೋಡಿ ಕಣ್ಣು ನಮ್ಮ ಮೇಲೆ ಬಿದ್ದವು. ಅಕ್ಕ ಕಾಲು ತೊಳೆದು ನೇರವಾಗಿ ತೊಟ್ಟಿಲ ಬಳಿ ಹೋದಳು. ಆಗ ನನಗೆ ಹೊಳೆಯಿತು. ನಮ್ಮ ಕಡೆ ಒಂದು ಪದ್ಧತಿಯಿದೆ. ಸೋದರತ್ತೆ ಬಾಗಿ ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳುವಾಗ, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಗುದ್ದು ಜೋರಾದಷ್ಟೂ ಕೂಸು ಗಟ್ಟಿಯಾಗುತ್ತದೆಂದು ನಂಬಿಕೆ. ಬೆನ್ನು ಕಾಪಾಡುವುದಕ್ಕಾಗಿ ಇಡೀ ದಿನ ಆಕಾಶದಲ್ಲಿ ತಿರುಗಾಡಿಸಿದ ನನಗೆ, ಕೊನೆಗೆ ಆ ಬೆನ್ನಿಗೇ ಬೀಳುವ ಗುದ್ದು ನೆನಪೇ ಇರಲಿಲ್ಲ. ತಾಸುಗಟ್ಟಲೆ ಕಾದು ಬೇಸತ್ತ ಬೀಗರ ಹೆಂಗಸರು ಆಗಲೇ ಬಳೆ ಹಿಂದಕ್ಕೆ ಸರಿಸಿ ನಿಂತಿದ್ದರು.

"ಬೆನ್ನು! ಬೆನ್ನು ಅವ್ವಾರ, ಡಾಕ್ಟರ್ ಬ್ಯಾಡ ಅಂದಾರ!" ಎಂದು ನಾನು ನಡುವೆ ನುಗ್ಗಿದೆ.

ನೀಲಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹೌದು, ನನ್ನ ಬೆನ್ನಿಗೆ ಹೊಡೀಬ್ಯಾಡ್ರಿ. ಶಾಸ್ತ್ರನೂ ಬಿಡಬ್ಯಾಡ್ರಿ. ಇವ ನನ್ನ ತಮ್ಮ. ನಾ ಹೆಸರ ಹೇಳ್ತೀನಿ, ಇವಂಗ ಗುದ್ರಿ. ಬಾಗಪಾ."

ಬಾಗಿದೆ. ಅಕ್ಕ ಒಂದು ಕಡೆ, ನಾನು ಒಂದು ಕಡೆ, ನಡುವೆ ನಿದ್ದೆ ತಿಳಿದು ಕಣ್ಣು ಬಿಡುತ್ತಿದ್ದ ಮೊಮ್ಮಗ. "ಕುರ್ರ್" ಎಂದಳು. ಮೊದಲ ಗುದ್ದು ಬಿತ್ತು. ಬೆಳಗಾವಿಯ ಹೆಂಗಸರ ಕೈ ಗಟ್ಟಿ. ಎರಡನೆಯದು ಬೀಗತಿಯದು, ಕಾಯಿಸಿದ ಪ್ರತಿ ನಿಮಿಷವೂ ಅದರಲ್ಲಿತ್ತು. ಮೂರನೆಯದು ಯಾರದೆಂದು ನೋಡಲಿಲ್ಲ, ಆದರೆ ಆ ಬಳೆಗಳ ಸದ್ದನ್ನು ನಾನು ಮೂವತ್ತೈದು ವರ್ಷದಿಂದ ಬಲ್ಲೆ. ಆ ಗದ್ದಲದ ನಡುವೆ ಅಕ್ಕ ಕೂಸಿನ ಕಿವಿಗೆ ಬಾಯಿಟ್ಟು ಹೇಳಿದ ಹೆಸರು, ಅಷ್ಟು ಹತ್ತಿರ ಬಾಗಿದ್ದರಿಂದ ನನಗೂ ಕೇಳಿಸಿತು. "ಚನ್ನಬಸವ." ನಮ್ಮಪ್ಪನ ಹೆಸರು. ನಾನು ನಾಲ್ಕು ವರ್ಷದವನಿದ್ದಾಗ ಹೋದ ಅಪ್ಪ. ಅವನ ಮುಖ ನನಗೆ ನೆನಪಿಲ್ಲ, ಅಕ್ಕನಿಗೆ ಇದೆ. ಮೇಲೆದ್ದಾಗ ನನ್ನ ಕಣ್ಣಲ್ಲಿ ನೀರಿತ್ತು. ಬೀಗತಿ ಗಾಬರಿಯಾಗಿ, "ಅಯ್ಯ, ಭಾಳ ಜೋರ ಬಿತ್ತೇನ್ರಿ ಬೀಗರ?" ಎಂದರು. "ಹೌದ್ರಿ" ಎಂದೆ. ಕೇಕಿನ ಮೇಲಿನ ಹೆಸರನ್ನು ಮಂಜುನಾಥ ಚಮಚದಿಂದ ಸವರಿ, ಜಾಗ ಸಾಲದೆ 'ಚನ್ನು' ಎಂದಷ್ಟೇ ಬರೆದ. ಬೀಗರು ಮೊದಲ ತುಂಡನ್ನು ತಾವೇ ಅಕ್ಕನ ಬಾಯಿಗಿಟ್ಟರು. ಊಟಕ್ಕೆ ಕೂತಾಗ ಯಾರೋ ವಿಮಾನ ಹೇಗಿತ್ತೆಂದು ಕೇಳಿದರು. ನಾನು ಹೋಳಿಗೆಯ ಮೇಲೆ ತಲೆ ಬಗ್ಗಿಸಿದೆ. ಅಕ್ಕ, "ಭೇಷ್ ಇತ್ತವಾ. ನಮ್ಮ ತಮ್ಮ ಬೆಂಗಳೂರು ತೋರಿಸ್ಕೊಂಡು ಕರಕೊಂಡು ಬಂದ" ಎಂದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮರ್ಯಾದೆ ಸ್ವಲ್ಪವಾದರೂ ಉಳಿಯುತ್ತಿತ್ತು. ಆದರೆ ಹುಬ್ಬಳ್ಳಿಯ ಆ ಅಂಗಡಿಯಲ್ಲಿ ನಾನು ತಿರುಗಿ ಬರುವ ಟಿಕೆಟ್ಟನ್ನೂ ತೆಗೆಸಿದ್ದೆ, ಇಬ್ಬರಿಗೂ. ಮೂರನೆಯ ದಿನ ಅಕ್ಕ, "ನಾ ಗಿರಿಜಾನ ಕೂಡ ರೈಲಿಗೆ ಮಲಕೊಂಡ ಹೋಗ್ತೀನಪಾ" ಎಂದಳು. ಗಿರಿಜಾ, "ನೀವೂ ಬರ್ರಿ. ರೊಟ್ಟಿ ಕಟಗೊಂಡೀನಿ" ಎಂದಳು. ಬೀಗರು ಅಲ್ಲೇ ನಿಂತಿದ್ದರು. ನಾನು, "ಟಿಕೆಟ್ ಐತಲ್ಲ, ಹಾಳ್ಯಾಕ ಮಾಡೂಣು" ಎಂದೆ. ಅಷ್ಟೆಲ್ಲ ಗುದ್ದು ತಿಂದರೂ ಕೆಲವು ಗಂಟುಗಳು ಬೆನ್ನಿನಿಂದ ಬಿಡುವುದಿಲ್ಲ.

ಹೀಗೆ ನಾನೊಬ್ಬನೇ ಬೆಳಗಾವಿಯಲ್ಲಿ ವಿಮಾನ ಹತ್ತಿ, ಬಾಜೂ ಖಾಲಿ ಸೀಟು ಇಟ್ಟುಕೊಂಡು ಕೂತೆ. ಮೋಡವಿರಲಿಲ್ಲ. ಎದ್ದು ಹತ್ತು-ಹನ್ನೆರಡು ನಿಮಿಷವಾಗಿರಬೇಕು, ಕಿಟಕಿಯಿಂದ ಕೆಳಗೆ ನೋಡಿದೆ. ಒಂದು ದೊಡ್ಡ ಊರು. ಪಕ್ಕದಲ್ಲಿ ಹೊಳೆಯುವ ಕೆರೆ. ಆ ಕೆರೆಯ ಆಕಾರ ಎಲ್ಲಿಯೋ ನೋಡಿದ್ದೇನೆ ಎನಿಸಿತು. ಉಣಕಲ್ ಕೆರೆ! ಅದರಾಚೆ ರೈಲು ಹಳಿಗಳು, ಇನ್ನೂ ಆಚೆ ಬಿಳಿ ಗೆರೆ ಎಳೆದಂತೆ ವಿಮಾನ ನಿಲ್ದಾಣದ ರನ್‌ವೇ. ನನ್ನ ಹುಬ್ಬಳ್ಳಿ ನನ್ನ ಕಾಲ ಕೆಳಗೇ ಇತ್ತು. ನಾನು ಅದರ ನೆತ್ತಿಯ ಮೇಲೆ ಹಾದು ಬೆಂಗಳೂರಿಗೆ ಹೋಗಿ, ಅಲ್ಲಿ ನಾಲ್ಕು ತಾಸು ಕೂತು, ಮತ್ತೆ ಇಲ್ಲಿಗೇ ಬರಬೇಕಿತ್ತು. ನನಗೆ ಗೊತ್ತಾಗುವುದರೊಳಗೆ ಬೆಲ್ಟು ಬಿಚ್ಚಿ ಎದ್ದು ನಿಂತಿದ್ದೆ. ಬಲಗೈ ತಾನಾಗಿಯೇ ತಲೆಯ ಮೇಲೆ ಬಸ್ಸಿನ ಗಂಟೆಯ ಹಗ್ಗ ಹುಡುಕುತ್ತಿತ್ತು. ಗಗನಸಖಿ ಓಡಿ ಬಂದು, "ಏನು ಬೇಕಿತ್ತು ಸರ್?" ಎಂದಳು. "ಇಲ್ಲೇ ಇಳೀತೀನ್ರಿ" ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, "ನೀರು" ಎಂದೆ. ಆಕೆ ನೀರು ತರುವುದರೊಳಗೆ ಹುಬ್ಬಳ್ಳಿ ಹಿಂದೆ ಸರಿದುಹೋಗಿತ್ತು.